ಎರಡು ಪ್ಯಾಕೆಟ್, ಒಂದು ಬಾಣಲೆ

ಪ್ರಶ್ನೆ: ದುಬೈಯಿಂದ ಬಂದ ಕೊರಿಯನ್ ನೂಡಲ್ಸ್‌ನಲ್ಲಿ ಚಾಪಗೆಟ್ಟಿ, ನಿಯೋಗುರಿ ಎರಡನ್ನೂ ಬೆರೆಸಿ ‘ಜಪಗುರಿ’ ಮಾಡಿದೆ. ಬಾಯಿಗಿಡಲಾಗದಷ್ಟು ಉಪ್ಪು, ಪುಡಿಯೂ ಗಂಟು ಗಂಟು. ಎಲ್ಲಿ ತಪ್ಪಿತು?
– ಓದುಗರು, ಕುಂಬಳೆ

ಉತ್ತರ: ಎರಡರ ಪುಡಿಯನ್ನೂ ಪೂರ್ತಿ ಸುರಿದಿರಬೇಕು. ನಿಯೋಗುರಿ ಸಾರಿನ ನೂಡಲ್ಸ್. ಅದರ ಪುಡಿಯ ಉಪ್ಪು, ಖಾರ ಎಲ್ಲ ಅರ್ಧ ಲೀಟರಿಗಿಂತ ಹೆಚ್ಚು ನೀರಿಗೆ ಹೊಂದುವಷ್ಟು. ಚಾಪಗೆಟ್ಟಿ ಹಾಗಲ್ಲ, ಸೋಯಾ ಹುಳಿಸಿದ ಕಪ್ಪು ಮಸಾಲೆಯಲ್ಲಿ ಹೊರಳಿಸಿ ತಿನ್ನುವಂಥದ್ದು. ಆದ್ದರಿಂದ ಚಾಪಗೆಟ್ಟಿ ಪುಡಿ ಪೂರ್ತಿ, ನಿಯೋಗುರಿಯದ್ದು ಅರ್ಧ. ಖಾರ ಆಗದವರಿಗೆ ಮೂರರಲ್ಲೊಂದು ಪಾಲು ಸಾಕು.

ಅಗಲ ತಪಲೆಯಲ್ಲಿ 1.2 ಲೀಟರ್ ನೀರು ಕುದಿಸಿ, ಎರಡರ ಒಣ ತರಕಾರಿ ಚೂರುಗಳನ್ನೂ ನಿಯೋಗುರಿಯ ಕಡಲಪಾಚಿ ತುಂಡನ್ನೂ ಹಾಕಿ. ನಿಯೋಗುರಿಯ ಎಳೆ ದಪ್ಪ, ಅದನ್ನು ಮೊದಲು ಹಾಕಿ ಅರ್ಧ ನಿಮಿಷದ ಮೇಲೆ ಚಾಪಗೆಟ್ಟಿ ಹಾಕಿ. ನಾಲ್ಕು ನಿಮಿಷಕ್ಕೆ ಇಳಿಸಿಬಿಡಿ. ಎಳೆ ಕಡಿದರೆ ನಡುವೆ ಚೂರು ಗಟ್ಟಿ ಇರಬೇಕು, ಬಾಣಲೆಯಲ್ಲಿ ಮತ್ತೆ ಬೇಯಲಿಕ್ಕಿದೆ. ಇನ್ನು ಕುಚ್ಚಲಕ್ಕಿ ಗಂಜಿಯ ತೆಳಿ ಬಸಿದ ಹಾಗೆ ನೀರು ಬಸಿಯಿರಿ, ಆದರೆ 150 ಮಿಲಿ ತೆಗೆದಿಡಲೇಬೇಕು. ಈ ನೀರಿನಲ್ಲಿ ಗಂಜಿಯ ಅಂಶ ಬಿಟ್ಟಿರುತ್ತದೆ, ಮಸಾಲೆ ಎಳೆಗೆ ಅಂಟುವುದು ಅದರಿಂದಲೇ. ಬರೀ ಬಿಸಿನೀರು ಹಾಕಿದರೆ ಮಸಾಲೆ ತಳದಲ್ಲಿ ಉಳಿಯುತ್ತದೆ.

ಗಂಟಿಗೆ ಕಾರಣ ದೊಡ್ಡ ಉರಿ. ಪುಡಿಯಲ್ಲಿ ಪಿಷ್ಟವೂ ಇರುವುದರಿಂದ ಕೊತಕೊತ ಕುದಿಯುವಲ್ಲಿ ಒಮ್ಮೆಲೇ ಸುರಿದರೆ ಹೊರಗೆ ಬೆಂದು ಒಳಗೆ ಒಣಪುಡಿಯಾಗಿಯೇ ಉಳಿಯುತ್ತದೆ. ಬಸಿದ ನೂಡಲ್ಸನ್ನೂ ತೆಗೆದಿಟ್ಟ ನೀರನ್ನೂ ಬಾಣಲೆಗೆ ಹಾಕಿ, ಉರಿ ಸಣ್ಣ ಮಾಡಿ, ಪುಡಿ ಉದುರಿಸುತ್ತಾ, ಒಂದೂವರೆ ನಿಮಿಷ ತಿರುವಿ. ಸೌಟು ಎಳೆದಾಗ ಬಾಣಲೆಯ ತಳ ಒಂದು ಕ್ಷಣ ಕಂಡು ಮತ್ತೆ ಮುಚ್ಚಬೇಕು, ಆಗ ಹದ ಸರಿ. ಚಾಪಗೆಟ್ಟಿಯೊಳಗಿನ ಎಣ್ಣೆ ಪೊಟ್ಟಣ ಒಲೆ ಆರಿಸಿದ ಮೇಲೆ ಹಾಕಿ, ಮೊದಲೇ ಹಾಕಿದರೆ ಪರಿಮಳ ಹಾರಿಹೋಗುತ್ತದೆ.

ಉಳಿದ ಅರ್ಧ ಪುಡಿಯನ್ನು ಒಣ ಕುಪ್ಪಿಯಲ್ಲಿಡಿ. ನಮ್ಮ ಮಳೆಗಾಲದಲ್ಲಿ ಹೊರಗಿಟ್ಟರೆ ಎರಡು ದಿನಕ್ಕೆ ಕಲ್ಲು.

ಪ್ರಶ್ನೆ: ಬುಲ್ಡಾಕ್ ಎಂಬ ಕೊರಿಯನ್ ನೂಡಲ್ಸ್‌ನ ಖಾರ ಮಕ್ಕಳಿಗೆ ಆಗುವುದಿಲ್ಲ. ಕಾಯಿಹಾಲು ಹಾಕಬಹುದೇ?
– ಓದುಗರು, ಬದಿಯಡ್ಕ

ಉತ್ತರ: ಧಾರಾಳ. ಮೆಣಸಿನ ಖಾರ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಅದಕ್ಕೇ ನೀರು ಕುಡಿದಷ್ಟೂ ನಾಲಿಗೆ ಉರಿಯುತ್ತಲೇ ಇರುತ್ತದೆ. ಒಂದು ಪ್ಯಾಕೆಟಿಗೆ ಸಾಸ್ ಅರ್ಧ, ದಪ್ಪ ಕಾಯಿಹಾಲು 80 ಮಿಲಿ. ಹಾಲು ಹಾಕಿದ ಮೇಲೆ ಕುದಿಸಬೇಡಿ, ಒಡೆಯುತ್ತದೆ. ಜೊತೆಗೆ ಖಾರವಿಲ್ಲದ ಸಾದಾ ನೂಡಲ್ಸ್ ಒಂದು ಪ್ಯಾಕೆಟ್ ಬೇಯಿಸಿ ಬೆರೆಸಿದರೆ ಇನ್ನೂ ಹಿತ. ಅದರ ಮಸಾಲೆ ಮಾತ್ರ ಬೇಡ.

ಪ್ರಶ್ನೆ: ಪ್ಯಾಕೆಟಿನ ಮೇಲೆ ಹಲಾಲ್ ಗುರುತಿದೆ, ಹಸಿರು ಚುಕ್ಕಿ ಇಲ್ಲ. ಸಸ್ಯಾಹಾರಿಗಳು ತಿನ್ನಬಹುದೇ?
– ಓದುಗರು, ಪೆರ್ಲ

ಉತ್ತರ: ಹಲಾಲ್ ಎಂದರೆ ಸಸ್ಯಾಹಾರ ಎಂದಲ್ಲ. ಹಸಿರು ಚುಕ್ಕಿ ಭಾರತದ ನಿಯಮ, ಗಲ್ಫಿನ ಅಂಗಡಿಗೆ ಹೋಗುವ ಪ್ಯಾಕೆಟಿನಲ್ಲಿ ಅದನ್ನು ನಿರೀಕ್ಷಿಸಬೇಡಿ. ಹಿಂಬದಿಯ ಪಟ್ಟಿಯಲ್ಲಿ ಮೀನು, ಸಿಗಡಿ, ದನ, ಕೋಳಿ ಇದೆಯೇ ಓದಿ. ನಿಯೋಗುರಿಯ ರುಚಿಯೇ ಕಡಲಿನದ್ದು, ಸಸ್ಯಾಹಾರಿಗಳು ಅದನ್ನು ಬಿಟ್ಟುಬಿಡುವುದೇ ಸರಿ.