ಟಿಲ್‌ಮನ್ ಸಾವಿನ ಸತ್ಯ ಸೇನೆಗೆ ಯಾವಾಗ ತಿಳಿಯಿತು?

ಅಮೆರಿಕನ್ ಫುಟ್‌ಬಾಲ್ ಆಟ ಬಿಟ್ಟು ಸೇನೆ ಸೇರಿದ ಪ್ಯಾಟ್ ಟಿಲ್‌ಮನ್ ತಮ್ಮ ಸಹಯೋಧರದೇ ಗುಂಡಿಗೆ ಬಲಿಯಾದದ್ದು ಅಮೆರಿಕದ ಸೇನೆಗೆ ತಡವಾಗಿ ತಿಳಿಯಿತೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ಅಫ್ಘಾನಿಸ್ತಾನದಲ್ಲಿ ಅವರು ಸತ್ತದ್ದು 2004ರ ಏಪ್ರಿಲ್ 22ರಂದು. 29ರಂದೇ ಸೇನೆಯ ವಿಶೇಷ ಕಾರ್ಯಾಚರಣೆಗಳ ಹೊಣೆ ಹೊತ್ತಿದ್ದ ಜನರಲ್ ಮೆಕ್‌ಕ್ರಿಸ್ಟಲ್ ಮೇಲಧಿಕಾರಿಗಳಿಗೆ ಸಂದೇಶ ಕಳಿಸಿ, ನಿಜ ಹೊರಬಿದ್ದರೆ ಅಧ್ಯಕ್ಷರಿಗೆ ಮುಜುಗರವಾದೀತು ಎಂದು ಎಚ್ಚರಿಸಿದ್ದರು. ಮರುದಿನ ಏನಾಯಿತು ನೋಡಿ: ಶತ್ರುಗಳ ಗುಂಡಿಗೆ ಎದೆಯೊಡ್ಡಿದ ಕಥೆ ಕಟ್ಟಿ ಸಿಲ್ವರ್ ಸ್ಟಾರ್ ಎಂಬ ಶೌರ್ಯ ಪದಕ ಘೋಷಿಸಿದರು! ಮೇ 3ರ ಶ್ರದ್ಧಾಂಜಲಿ ಸಭೆ ಟಿವಿಯಲ್ಲಿ ಪ್ರಸಾರವಾಯಿತು. ಅವರ ಸಮವಸ್ತ್ರವನ್ನೂ ದಿನಚರಿ ಪುಸ್ತಕವನ್ನೂ ಅಷ್ಟರಲ್ಲೇ ಸುಟ್ಟುಹಾಕಿದ್ದರು. ನನ್ನನ್ನು ಅತಿ ಹೆಚ್ಚು ಕೆರಳಿಸುವುದು ಇದು: ಅದೇ ತುಕಡಿಯಲ್ಲಿದ್ದ ಟಿಲ್‌ಮನ್‌ರ ಕಿರಿಯ ಸಹೋದರ ಕೆವಿನ್‌ಗೂ ಮೇ ಕೊನೆಯವರೆಗೆ ಬಾಯಿಬಿಡಲಿಲ್ಲ. 2007ರ ಏಪ್ರಿಲ್‌ನಲ್ಲಿ ಸಂಸತ್ತಿನ ಸಮಿತಿ ಮುಂದೆ ಆತ ಕೊಟ್ಟ ಹೇಳಿಕೆಯನ್ನು ದಯವಿಟ್ಟು ಪೂರ್ತಿ ಓದಿ.