ನಮ್ಮ ಹೊಲದ ಮರಳುಗಲ್ಲಿನಲ್ಲಿ ಯುರೇನಿಯಂ ಇರಬಹುದೇ?

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕು. ಹೊಲದ ಬದುವಿನಲ್ಲಿ ಕೆಂಪು ಮರಳುಗಲ್ಲು ಎದ್ದಿದೆ. ಗೋಗಿಯಲ್ಲಿ ಯುರೇನಿಯಂ ಸಿಕ್ಕಿದೆ ಎನ್ನುತ್ತಾರೆ. ಗೈಗರ್ ಕೌಂಟರ್ ಕೊಂಡು ಹುಡುಕಿದರೆ ನಮ್ಮಲ್ಲೂ ಸಿಗಬಹುದೇ? ಸಿಕ್ಕರೆ ದುಡ್ಡು ಬರುತ್ತದೆಯೇ?

ಉತ್ತರ:

ವಿಕಿರಣ ಎಣಿಸುವ ಆ ಕೌಂಟರ್ ಕೊಂಡರೆ ಅದು ಮೊದಲು ಸದ್ದು ಮಾಡುವುದು ಬಹುಶಃ ನಿಮ್ಮ ಮನೆಯ ಪೊಟ್ಯಾಷ್ ಗೊಬ್ಬರದ ಚೀಲದ ಮುಂದೆ. ತಮಾಷೆಗೆ ಹೇಳುತ್ತಿಲ್ಲ. ಪೊಟ್ಯಾಷಿಯಂನಲ್ಲಿ ಸ್ವಲ್ಪ ಭಾಗ ಸಹಜವಾಗಿಯೇ ವಿಕಿರಣ ಸೂಸುತ್ತದೆ. ಅಗ್ಗದ ಕೌಂಟರ್ ಸದ್ದನ್ನು ಎಣಿಸುತ್ತದೆ, ಸದ್ದು ಯಾರದೆಂದು ಹೇಳುವುದಿಲ್ಲ.

ನಾನು ಕಲಬುರಗಿಯವನು. ಭೂವಿಜ್ಞಾನ ಓದಿ ಕೆಲವು ವರ್ಷ ಡ್ರಿಲ್ಲಿಂಗ್ ಕ್ಯಾಂಪುಗಳಲ್ಲಿ ಕೋರ್, ಅಂದರೆ ನೆಲ ಕೊರೆದು ತೆಗೆದ ಕಲ್ಲಿನ ಕಂಬಿ, ನೋಡುವ ಕೆಲಸ ಮಾಡಿದೆ. ಈಗ ರೈತರಿಗೆ ಕೊಳವೆಬಾವಿಯ ಜಾಗ ಗುರುತಿಸಿಕೊಡುತ್ತೇನೆ. ಕೆಲಸ ಕಲಿಯುವ ದಿನಗಳಲ್ಲಿ ಯಾದಗಿರಿ ಕೋಟೆಯ ಗುಡ್ಡದ ಹತ್ತಿರ ಯಂತ್ರದ ಮುಳ್ಳು ಏರಿದ್ದನ್ನು ಕಂಡು ಓಡಿಹೋಗಿ ನನ್ನ ಮೇಲಿನವರಿಗೆ ಹೇಳಿದ್ದೆ. ಅವರು ಸ್ಪೆಕ್ಟ್ರೋಮೀಟರ್ ಇಟ್ಟು ನೋಡಿ, 'ಇದು ಗ್ರಾನೈಟ್, ಹುಡುಗ' ಎಂದು ನಕ್ಕರು. ಪೊಟ್ಯಾಷಿಯಂ, ಥೋರಿಯಂ, ಯುರೇನಿಯಂ ಮೂರರ ಗಾಮಾ ಕಿರಣಗಳ ಶಕ್ತಿಯೂ ಬೇರೆ ಬೇರೆ. ಆ ಯಂತ್ರ ಅವುಗಳನ್ನು ಬಿಡಿಸಿ ತೋರಿಸುತ್ತದೆ. ಗುಲಾಬಿ ಬಣ್ಣದ ಗ್ರಾನೈಟಿನಲ್ಲಿ ಪೊಟ್ಯಾಷಿಯಂ ಹೇರಳ. ಯುರೇನಿಯಂ ಇರುವುದು ಒಂದು ಟನ್ನಿಗೆ ನಾಲ್ಕು ಗ್ರಾಂ ಆಸುಪಾಸು, ಅಷ್ಟೇ.

ಇನ್ನೊಂದು ತೊಡಕು ನಿಮ್ಮ ಎರೆಮಣ್ಣು. ಅರ್ಧ ಮೀಟರ್ ಮಣ್ಣು ಮುಚ್ಚಿದ್ದರೆ ಸಾಕು, ಗಾಮಾ ಕಿರಣ ಬಹುಪಾಲು ಅದರಲ್ಲಿಯೇ ಇಂಗಿಹೋಗುತ್ತದೆ. ಕೆಳಗೆ ನಿಧಿಯೇ ಇದ್ದರೂ ಮೇಲೆ ಓಡಾಡುವವನಿಗೆ ತಿಳಿಯುವುದಿಲ್ಲ. ಅದಕ್ಕೇ ಶೋಧಕರು ಯುರೇನಿಯಂ ಕ್ಷಯಿಸುತ್ತಾ ಹುಟ್ಟುವ ರೇಡಾನ್ ಅನಿಲವನ್ನು ಮಣ್ಣಿನೊಳಗೆ ಅಳೆಯುತ್ತಾರೆ, ಬಾವಿ ನೀರು ಪರೀಕ್ಷಿಸುತ್ತಾರೆ, ಕೊನೆಗೆ ಬೋರ್ ಕೊರೆದು ಅದರೊಳಗೆ ವಿಕಿರಣ ಅಳೆಯುವ ಯಂತ್ರ ಇಳಿಸುತ್ತಾರೆ.

ಈಗ ಮರಳುಗಲ್ಲಿನ ಮಾತು. ಮರಳುಗಲ್ಲಿನಲ್ಲಿ ಹುಡುಕುವವನು ಯುರೇನಿಯಂ ಹುಡುಕುವುದೇ ಇಲ್ಲ. ನೀರು ತನ್ನ ಆಮ್ಲಜನಕ ಕಳೆದುಕೊಂಡ ಜಾಗ ಹುಡುಕುತ್ತಾನೆ. ಗ್ರಾನೈಟಿನಿಂದಲೋ ಜ್ವಾಲಾಮುಖಿ ಬೂದಿಯಿಂದಲೋ ಚೂರುಚೂರೇ ಕರಗಿದ ಯುರೇನಿಯಂ, ಆಮ್ಲಜನಕವಿರುವ ಅಂತರ್ಜಲದ ಜೊತೆ ಮರಳುಗಲ್ಲಿನ ರಂಧ್ರಗಳಲ್ಲಿ ಸಾಗುತ್ತದೆ. ದಾರಿಯಲ್ಲಿ ಕೊಳೆತ ಮರದ ತುಂಡು, ಕಲ್ಲಿದ್ದಲಿನ ಎಳೆ, ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಎದುರಾದರೆ ಆಮ್ಲಜನಕ ಖರ್ಚಾಗಿ ನೀರಿನ ಗುಣ ಬದಲಾಗುತ್ತದೆ. ಹಾಲಿಗೆ ಹುಳಿ ಬಿದ್ದ ಹಾಗೆ, ಕರಗಿದ್ದ ಯುರೇನಿಯಂ ನೀರಿನಿಂದ ಬೇರ್ಪಟ್ಟು ಅಲ್ಲಿಯೇ ಕೂರುತ್ತದೆ. ನೀರು ಹಾದುಬಂದ ಕಡೆ ಕಲ್ಲು ಕೆಂಪು, ಹಳದಿ. ಇನ್ನೂ ತಲುಪದ ಕಡೆ ಬೂದು. ಅದಿರು ಕೂರುವುದು ಇವೆರಡರ ಗಡಿಯಲ್ಲಿ, ಸೀಳಿ ನೋಡಿದರೆ ಕುಡುಗೋಲಿನಂತೆ ಬಾಗಿಕೊಂಡು. ಜಗತ್ತಿನ ಯುರೇನಿಯಂನಲ್ಲಿ ಸುಮಾರು ಶೇಕಡಾ 40ನ್ನು ಕೊಡುವ ಕಜಕಿಸ್ತಾನದ ನಿಕ್ಷೇಪಗಳು ಹೆಚ್ಚಾಗಿ ಈ ಬಗೆಯವು. ಅಲ್ಲಿ ಗಣಿ ತೋಡುವುದಿಲ್ಲ. ಕೊಳವೆಬಾವಿಯಲ್ಲಿ ಆಮ್ಲ ಇಳಿಸಿ, ಅದಿರನ್ನು ಕರಗಿಸಿ, ಇನ್ನೊಂದು ಬಾವಿಯಿಂದ ಮೇಲೆತ್ತುತ್ತಾರೆ.

ನಮ್ಮ ದೇಶದಲ್ಲಿ ಮರಳುಗಲ್ಲಿನ ಯುರೇನಿಯಂ ನೋಡಬೇಕೆಂದರೆ ಮೇಘಾಲಯದ ಪಶ್ಚಿಮ ಖಾಸಿ ಬೆಟ್ಟಗಳಿಗೆ, ದೊಮಿಯಾಸಿಯಾಟ್ ಕಡೆ ಹೋಗಬೇಕು. ಒಂದು ಋತು ನಾನು ಆ ಭಾಗದಲ್ಲಿದ್ದೆ. ಕಲಬುರಗಿಯ ಬಿಸಿಲಿನಲ್ಲಿ ಬೆಳೆದವನಿಗೆ ಆ ಮಳೆ ಸಾಕುಸಾಕಾಯಿತು. ಮಹಾದೇಕ್ ಎಂಬ ಆ ಮರಳುಗಲ್ಲಿನ ಮೇಲಿನ ಭಾಗ ನೇರಳೆಗೆಂಪು, ಕೆಳಗಿನದು ಬೂದು. ಅದಿರಿರುವುದು ಬೂದಿನಲ್ಲಿ, ಕಪ್ಪು ಸಸ್ಯಾವಶೇಷದ ಎಳೆಗಳ ಜೊತೆ. ಅಲ್ಲಿ ನಾನು ಎರಡನೆಯ ಸಲ ಮುಖಭಂಗ ಪಟ್ಟೆ. ಗಾಮಾ ಎಣಿಕೆ ಚೆನ್ನಾಗಿ ಏರಿದ್ದ ಕೋರ್ ತುಂಡಿಗೆ ದೊಡ್ಡ ಗುರುತು ಹಾಕಿ ಕಳಿಸಿದರೆ, ಪ್ರಯೋಗಾಲಯದಲ್ಲಿ ಯುರೇನಿಯಂ ಲೆಕ್ಕಕ್ಕಿಲ್ಲದಷ್ಟು. ಕಾರಣ ಆಮೇಲೆ ತಿಳಿಯಿತು: ಯಂತ್ರ ಕೇಳಿಸಿಕೊಳ್ಳುವುದು ಯುರೇನಿಯಂನ ಸದ್ದನ್ನಲ್ಲ, ಅದು ಕ್ಷಯಿಸುತ್ತಾ ಹುಟ್ಟುವ ಧಾತುಗಳ ವಂಶದಲ್ಲಿ ಕೆಳಗಿನ ತಲೆಮಾರಾದ ಬಿಸ್ಮತ್-214ರ ಸದ್ದನ್ನು. ಒದ್ದೆ ಕಲ್ಲಿನಲ್ಲಿ ಯುರೇನಿಯಂ ನೀರಿನೊಡನೆ ಹೊರಟುಹೋಗಿ, ಅದೇ ವಂಶದಲ್ಲಿ ಬಿಸ್ಮತ್‌ಗಿಂತ ಮೇಲಿನ ತಲೆಮಾರಾದ ರೇಡಿಯಂ ಹಿಂದೆ ಉಳಿದಿರಬಹುದು. ಯಜಮಾನ ಊರು ಬಿಟ್ಟರೂ ಮೊಮ್ಮಕ್ಕಳ ಗಲಾಟೆ ನಿಂತಿರುವುದಿಲ್ಲ.

ನಿಮ್ಮ ಬದುವಿನ ಕಲ್ಲಿಗೆ ಬರೋಣ. ಭೀಮಾ ಕಣಿವೆಯ ಈ ಮರಳುಗಲ್ಲು, ಅದರ ಮೇಲಿನ ಶಹಾಬಾದ್ ಸುಣ್ಣಕಲ್ಲು, ಎಲ್ಲವೂ ಐವತ್ತು ಕೋಟಿ ವರ್ಷಕ್ಕಿಂತ ಹಳೆಯವು. ಆಗ ನೆಲದ ಮೇಲೆ ಗರಿಕೆಯೂ ಇರಲಿಲ್ಲ, ಮರವಂತೂ ದೂರದ ಮಾತು. ಮೇಘಾಲಯದ ಮರಳುಗಲ್ಲಿಗೆ ಸಿಕ್ಕ ಆ ಹುಳಿ ನಿಮ್ಮದಕ್ಕೆ ಸಿಕ್ಕಿಲ್ಲ. ಬಣ್ಣವೂ ಪೂರ್ತಿ ಕೆಂಪು ಎನ್ನುತ್ತೀರಿ. ಕುಡುಗೋಲು ಬಗೆಯ ಅದಿರಿನ ಆಸೆ ಬಿಡಿ.

ಹಾಗೆಂದು ಆ ಕಲ್ಲನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಹಳೆಯ ಮರಳುಗಲ್ಲು ಗ್ರಾನೈಟಿನ ಮೇಲೆ ಕೂತಿರುವ ಬುಡವನ್ನು ಶೋಧಕರು ಬಿಡದೆ ನೋಡುತ್ತಾರೆ. ತೆಲಂಗಾಣದ ನಲ್ಗೊಂಡ ಕಡೆಯ ಲಂಬಾಪುರದಲ್ಲಿ ಯುರೇನಿಯಂ ಸಿಕ್ಕಿದ್ದು ಅಂಥ ಸಂದಿಯಲ್ಲಿ. ಗೋಗಿಯ ಕಥೆ ಮತ್ತೂ ಬೇರೆ. ಗೋಗಿ–ಕುರ್ಲಗೇರಿ ಸ್ತರಭಂಗದಲ್ಲಿ ನೆಲ ಸೀಳಿ ಜಾರಿದೆ. ನಮ್ಮ ಮನೆಗಳಲ್ಲಿ ಹಾಸಿರುವ ಫರಸಿ, ಅಂದರೆ ಆ ಶಹಾಬಾದ್ ಸುಣ್ಣಕಲ್ಲೇ, ಅಲ್ಲಿ ನುಚ್ಚುನುಚ್ಚಾಗಿದೆ. ಆ ಬಿರುಕುಗಳಲ್ಲೂ ಕೆಳಗಿನ ಗ್ರಾನೈಟಿನಲ್ಲೂ ಪೈರೈಟ್ ಜೊತೆ ಯುರೇನಿಯಂ ಖನಿಜಗಳು ಸೇರಿಕೊಂಡಿವೆ. ಅಂದರೆ ಗೋಗಿಯಲ್ಲಿ ಸಿಕ್ಕಿತು ಎಂಬುದು ನಿಮ್ಮ ಮರಳುಗಲ್ಲಿಗೆ ಸಾಕ್ಷಿಯಲ್ಲ. ನಿಮ್ಮ ಹೊಲ ಆ ಸೀಳಿನ ಸಾಲಿನಲ್ಲಿದೆಯೇ ಎಂಬುದೇ ಮೊದಲು ಕೇಳಬೇಕಾದ ಪ್ರಶ್ನೆ.

ದುಡ್ಡಿನ ವಿಷಯ ಚಿಕ್ಕದು: ನೀವೇ ಅಗೆದು ಮಾರುವ ವಸ್ತು ಇದಲ್ಲ. ಇಲ್ಲಿ ಹುಡುಕಿದ್ದು ಹೈದರಾಬಾದಿನಲ್ಲಿ ಕೇಂದ್ರ ಕಚೇರಿಯಿರುವ ಪರಮಾಣು ಖನಿಜ ನಿರ್ದೇಶನಾಲಯ. ಗೋಗಿಯ ಜನ ಗಣಿಯನ್ನು ವಿರೋಧಿಸಿದ್ದೂ ನಿಮಗೆ ಗೊತ್ತಿರುತ್ತದೆ. ಅವರ ಮುಖ್ಯ ಚಿಂತೆ ನೀರು, ಅದು ಸುಮ್ಮನೆ ಹುಟ್ಟಿದ ಚಿಂತೆಯಲ್ಲ.

ಕೌಂಟರಿಗೆ ಇಟ್ಟ ಹಣದಲ್ಲಿ ಕುಡಿಯುವ ಕೊಳವೆಬಾವಿಯ ನೀರನ್ನು ಫ್ಲೋರೈಡ್ ಮತ್ತು ಯುರೇನಿಯಂ ಎರಡಕ್ಕೂ ಪರೀಕ್ಷೆ ಮಾಡಿಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ ಯುರೇನಿಯಂ. ಗಣಿ ಇರಲಿ ಬಿಡಲಿ, ಗ್ರಾನೈಟ್ ಸೀಮೆಯಲ್ಲಿ ಆಳದ ಬೋರ್ ನೀರಿಗೆ ಇದು ತಾನಾಗಿಯೇ ಸೇರಬಹುದು. ಕುದಿಸಿದರೆ ಹೋಗುವುದಿಲ್ಲ.

ಮತ್ತೆ, ಆ ಬದುವಿನ ಕಲ್ಲಿನ ಒಂದು ಚಿತ್ರ ಹಾಕಿ. ಬಿಸಿಲಿಗೆ ಬಣ್ಣಗೆಟ್ಟ ಹೊರಮೈ ಬೇಡ. ಸುತ್ತಿಗೆಯಿಂದ ಒಡೆದ ಹೊಸ ಮುಖ ಇರಲಿ, ಪಕ್ಕದಲ್ಲಿ ಒಂದು ನಾಣ್ಯ ಇಡಿ. ಬುಡದಲ್ಲಿ ಗ್ರಾನೈಟ್ ಕಾಣುತ್ತಿದ್ದರೆ ಅದರದ್ದೂ ಬೇಕು.