ಗ್ರೂಪಿನೊಳಗಿನ ಮಾತು ಬೀದಿಗೆ ಬಂದಾಗ

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ. ಅವಳ ಸಹಪಾಠಿಯೊಬ್ಬ ಗೆಳೆಯರ ಖಾಸಗಿ ಗ್ರೂಪಿನಲ್ಲಿ ತರಗತಿಯ ಹುಡುಗಿಯೊಬ್ಬಳ ಮೈಬಣ್ಣದ ಬಗ್ಗೆ ಕೀಳಾದ ತಮಾಷೆ ಮಾಡಿದ್ದ. ಯಾರೋ ಅದರ ಸ್ಕ್ರೀನ್‌ಶಾಟ್ ಹೊರಗೆ ಹಾಕಿದರು. ನನ್ನ ಮಗಳೂ ‘ಇಂಥವರ ಮುಖ ಎಲ್ಲರಿಗೂ ಗೊತ್ತಾಗಲಿ’ ಎಂದು ಬರೆದು, ಅವನ ಫೋಟೋ ಸಮೇತ ಹಂಚಿದಳು. ಎರಡೇ ದಿನದಲ್ಲಿ ಅದು ಎಲ್ಲೆಲ್ಲೋ ಹರಿದಾಡಿ, ಅವನ ತಂಗಿಗೂ ಬೈಗುಳದ ಸಂದೇಶಗಳು ಬರತೊಡಗಿದವು. ಹುಡುಗ ತರಗತಿಗೆ ಬರುತ್ತಿಲ್ಲ. ‘ತಪ್ಪು ಮಾಡಿದ್ದು ಅವನಲ್ಲವೇ?’ ಎನ್ನುತ್ತಾಳೆ ಮಗಳು. ಬದುಕನ್ನೆಲ್ಲ ಸ್ಟೇಟಸ್‌ನಲ್ಲಿ ತೆರೆದಿಡುವ ಈ ಮಕ್ಕಳಿಗೆ ನಾಚಿಕೆ, ಮರ್ಯಾದೆಗಳೆಂದರೆ ಏನೆಂದೇ ತಿಳಿಯದೇ? ನಾನೇನು ಮಾಡಲಿ?
– ಹೆಸರು ಬೇಡವೆಂದಿರುವ ತಾಯಿ

ಉತ್ತರ: ಮಗಳ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ಇಂಥ ಕುಹಕಕ್ಕೆ ನಮ್ಮ ಕಾಲದಲ್ಲಿ ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದೆವು, ಗುರಿಯಾದವಳೂ ನಗಬೇಕಿತ್ತು. ನಿಮ್ಮ ಮಗಳು ನಗಲಿಲ್ಲ. ಯಾವುದಕ್ಕೆ ನಾಚಬೇಕು ಎಂಬುದು ಬದಲಾಗಿದೆ, ಈ ಒಂದು ವಿಷಯದಲ್ಲಂತೂ ಒಳ್ಳೆಯದಕ್ಕೇ ಬದಲಾಗಿದೆ. ಮೊದಲು ಅವಳಿಗೆ ಅದನ್ನು ಹೇಳಿ.

ಅವಳು ಎಡವಿದ್ದು ಶಿಕ್ಷೆಯ ಅಳತೆಯಲ್ಲಿ. ತಪ್ಪಿತಸ್ಥರ ಕೊರಳು, ಕೈಗಳನ್ನು ಮರದ ಚೌಕಟ್ಟಿಗೆ ಸಿಕ್ಕಿಸಿ ಜನರ ನಡುವೆ ನಿಲ್ಲಿಸುವ ಶಿಕ್ಷೆಯೊಂದು ಇಂಗ್ಲೆಂಡಿನಲ್ಲಿತ್ತು. 1837ರಲ್ಲಿ ಅದನ್ನು ರದ್ದುಮಾಡಿದರು. ಅಷ್ಟು ಕ್ರೂರವಾದ ಶಿಕ್ಷೆಗೂ ಒಂದು ಅವಧಿಯಿತ್ತು, ಅದನ್ನು ವಿಧಿಸಿದವರಿದ್ದರು, ಕೊಳೆತದ್ದನ್ನು ಎಸೆದವನ ಮುಖ ಕಾಣುತ್ತಿತ್ತು. ಸ್ಕ್ರೀನ್‌ಶಾಟಿಗೆ ಇದಾವುದೂ ಇಲ್ಲ. ತಂಗಿ ಮಾಡಿದ ತಪ್ಪೇನು ಎಂದು ಮಗಳನ್ನು ಕೇಳಿದರೆ ಅವಳ ಬಳಿ ಉತ್ತರವಿರಲಾರದು.

ಆ ಚಿತ್ರವನ್ನು ಅವಳೊಡನೆ ಕುಳಿತು ಇನ್ನೊಮ್ಮೆ ನೋಡಿ. ಮೇಲೆ ಎಲ್ಲಿಗೆ ಕತ್ತರಿಸಿದ್ದಾರೆ? ಕೆಳಗೆ ಯಾರಾದರೂ ‘ಇದು ಸರಿಯಲ್ಲ’ ಎಂದು ಬರೆದಿದ್ದರೇ? ಅವನು ತಪ್ಪಾಯಿತೆಂದು ಒಪ್ಪಿಕೊಂಡಿದ್ದನೇ? ಅಂಚಿನ ಆಚೆ ಏನಿತ್ತೆಂಬುದನ್ನು ಹಂಚಿದವರಲ್ಲಿ ಎಷ್ಟು ಮಂದಿ ವಿಚಾರಿಸಿದರು? ಇನ್ನೂ ಒಂದು ಪ್ರಶ್ನೆಯಿದೆ, ನನ್ನನ್ನು ಹೆಚ್ಚು ಕಾಡಿದ್ದು ಅದೇ: ತಮಾಷೆಗೆ ಗುರಿಯಾದ ಹುಡುಗಿಯನ್ನು ಯಾರಾದರೂ ಕೇಳಿದರೇ? ನಾಲ್ಕಾರು ಜನರ ನಡುವೆ ಆಗಿದ್ದ ಅವಳ ಅವಮಾನವನ್ನು, ಅವಳ ಪರವಾಗಿ ನಿಂತವರೇ ಕಂಡರಿಯದವರಿಗೆಲ್ಲ ತಲುಪಿಸಿದರು. ನಿಮ್ಮ ಪತ್ರದಲ್ಲೂ ಅವಳಿಗೆ ಸಿಕ್ಕಿದ್ದು ಒಂದೇ ಸಾಲು, ಕ್ಷಮಿಸಿ.

ಇನ್ನು ಸ್ಟೇಟಸ್ ವಿಚಾರ. ಈಗಿನ ಯುವಜನರಿಗೆ ಖಾಸಗಿತನವೆಂದರೆ ಎಲ್ಲವನ್ನೂ ಮುಚ್ಚಿಡುವುದಲ್ಲ, ಯಾವುದನ್ನು ಯಾರಿಗೆ ತೋರಿಸಬೇಕೆಂದು ತಾವೇ ನಿರ್ಧರಿಸುವುದು. ಮಗಳ ಸ್ಟೇಟಸ್‌ಗಳಲ್ಲಿ ನಿಮಗೆ ಕಾಣದಂತೆ ಹಾಕಿದವೂ ಇದ್ದಾವು. 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಯ 12ನೆಯ ವಿಧಿಯು ವ್ಯಕ್ತಿಯ ಖಾಸಗಿತನ, ಕುಟುಂಬ, ಮನೆ, ಪತ್ರವ್ಯವಹಾರ ಮತ್ತು ಮಾನಮರ್ಯಾದೆಗಳನ್ನು ಒಂದೇ ವಾಕ್ಯದಲ್ಲಿ ಸೇರಿಸಿ ರಕ್ಷಿಸುತ್ತದೆ. ಗ್ರೂಪಿನ ಸಂದೇಶ ಇಂದಿನ ಪತ್ರವ್ಯವಹಾರವೇ. ಹಾಗೆಂದು ಒಳಗೆ ಆಡಿದ್ದನ್ನೆಲ್ಲ ಸಹಿಸಬೇಕೆಂದು ನಾನು ಹೇಳುತ್ತಿಲ್ಲ. ಬೆದರಿಕೆಯೋ ಕಿರುಕುಳವೋ ಆಗಿದ್ದರೆ ಸ್ಕ್ರೀನ್‌ಶಾಟ್ ಸಾಕ್ಷ್ಯವಾಗುತ್ತದೆ, ಅದು ದೂರು ಸ್ವೀಕರಿಸುವವರ ಕೈ ಸೇರಬೇಕು.

‘ಮಾತು ಆಡಿದರೆ ಹೋಯಿತು’ ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ, ಇಲ್ಲಿ ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ. ಸ್ಪೇನಿನ ಒಬ್ಬರ ಆಸ್ತಿ ಹರಾಜಿನ ಬಗ್ಗೆ 1998ರಲ್ಲಿ ಪತ್ರಿಕೆಯಲ್ಲಿ ಬಂದಿದ್ದ ಪ್ರಕಟಣೆಯು, ಬಾಕಿ ತೀರಿ ವರ್ಷಗಳಾದರೂ ಗೂಗಲ್‌ನಲ್ಲಿ ಅವರ ಹೆಸರಿನೊಡನೆ ಕಾಣಿಸುತ್ತಿತ್ತು. ಅಂಥ ಕೊಂಡಿಗಳನ್ನು ತೆಗೆಸಿಕೊಳ್ಳುವ ಹಕ್ಕನ್ನು ಐರೋಪ್ಯ ಒಕ್ಕೂಟದ ನ್ಯಾಯಾಲಯ 2014ರಲ್ಲಿ ಎತ್ತಿಹಿಡಿಯಿತು. ಆದರೂ ತೆಗೆದದ್ದು ಹುಡುಕಾಟದ ಕೊಂಡಿಯನ್ನಷ್ಟೇ; ಅವರಿವರ ಫೋನುಗಳಲ್ಲಿ ಕುಳಿತ ಪ್ರತಿಗಳ ತನಕ ಯಾವ ತೀರ್ಪೂ ತಲುಪದು.

ಇಂದೇ ಮಾಡಬೇಕಾದದ್ದಿದೆ. ಹುಡುಗ ಹೇಗಿದ್ದಾನೆಂದು ಅಧ್ಯಾಪಕರೊಬ್ಬರು ಅವನ ಮನೆಯವರನ್ನು ವಿಚಾರಿಸುವಂತೆ ನೋಡಿಕೊಳ್ಳಿ, ಇದನ್ನು ನಾಳೆಗೆ ಇಟ್ಟುಕೊಳ್ಳಬೇಡಿ. ಮಗಳು ತಾನು ಹಾಕಿದ್ದನ್ನು ಅಳಿಸಲಿ, ಹಾಕಿದ ಜಾಗದಲ್ಲೇ ‘ಫೋಟೋ ಹಂಚಬೇಡಿ, ಅವನ ಮನೆಯವರನ್ನು ಬಿಡಿ’ ಎಂದು ಬರೆಯಲಿ. ಆ ಹುಡುಗಿಯನ್ನು ಖುದ್ದಾಗಿ ಕಂಡು ಮಾತಾಡಲಿ. ಮಗಳಿಂದ ಎಲ್ಲರೆದುರು ಕ್ಷಮೆ ಕೇಳಿಸಲು ಮಾತ್ರ ಹೋಗಬೇಡಿ, ಅದು ಇದೇ ಶಿಕ್ಷೆಯ ಮರುಕಳಿಕೆ.

ಪ್ರಶ್ನೆ: 13 ವರ್ಷದ ಮಗ, ತನ್ನನ್ನು ಕೇಳದೆ ತನ್ನ ಫೋಟೋ ಹಾಕಬಾರದೆಂದು ಜಗಳವಾಡುತ್ತಾನೆ. ಹೆತ್ತವರಿಗೂ ಅಪ್ಪಣೆ ಬೇಕೇ?

ಉತ್ತರ: ಬೇಕು. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೆಯ ವಿಧಿಯು ಮಗುವಿನ ಖಾಸಗಿತನವನ್ನೂ ಮರ್ಯಾದೆಯನ್ನೂ ಗುರುತಿಸಿದೆ. ಮೂರು ವರ್ಷದವನಿದ್ದಾಗ ಬಚ್ಚಲಲ್ಲಿ ತೆಗೆದ ಚಿತ್ರ ನಿಮಗೆ ಮುದ್ದಾಗಿ ಕಾಣಬಹುದು. ಅದು ಅವನ ಸಹಪಾಠಿಗಳ ಕೈಗೆ ಸಿಕ್ಕರೆ ಏನಾದೀತೆಂಬುದು ಅವನಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಅವನ ಪಕ್ಕದಲ್ಲಿ ಕುಳಿತು ಹಳೆಯ ಚಿತ್ರಗಳನ್ನು ಒಂದೊಂದಾಗಿ ತೆರೆಯಿರಿ, ಯಾವುದು ಉಳಿಯಬೇಕೆಂದು ಅವನೇ ಹೇಳಲಿ. ಅಜ್ಜಿಗೆ ಕಳುಹಿಸುವುದಕ್ಕೆ ಅವನು ಬಹುಶಃ ಅಡ್ಡಿಪಡಿಸಲಾರ.